ಟಿಕ್ ಅನ್ನುವ ಪೆನ್ನು

ಅಳವಂಡಿ
12 ಜುಲೈ 2025

ಪ್ರೀತಿಯ ರಂಜಿತಕ್ಕನಿಗೆ,

ನಿನ್ನ ತಮ್ಮ ಗಾಳೇಶನ ನಮಸ್ಕಾರ. ಇಲ್ಲಿ ಅವ್ವ, ನಾನು, ನಾಯಿ ಮೂವರೂ ಇದ್ದೇವೆ. ಆರಾಮ ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ಪಂಚಮಿಯಿಂದ ನಿನ್ನ ಜೊತೆ ಸರಿಯಾಗಿ ಮಾತಾಡಿಲ್ಲ, ಸಿಟ್ಟಾಗಬೇಡ. ಫೋನ್ ಮಾಡಿದರೆ ಮಾವ ಸ್ಪೀಕರ್ ಹಾಕುತ್ತಾರೆ. ಇದು ನಿನಗಷ್ಟೇ ಹೇಳುವ ಮಾತು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೊಂಡು ಓದು.

ಪಂಚಮಿಗೆ ಹದಿನೇಳು ದಿನ ಉಳಿದಿವೆ. ಅವ್ವ ಉಂಡಿಗೆ ಎಳ್ಳು, ಬೆಲ್ಲ ತಂದಿಟ್ಟಿದ್ದಾಳೆ. ಆದರೆ "ಆ ನಾಯಿ ಇರೂತನಕ ನನ್ನ ಹೆಂಡ್ತಿ, ಮಗಳು ಅನುಷಾ ಆ ಮನಿ ಹೊಸ್ತಿಲಾ ತುಳಿಯೂದಿಲ್ಲ" ಎಂದು ಮಾವ ಹೇಳಿಹೋದದ್ದು ಅವಳ ಎದೆಯಲ್ಲೇ ಕೂತಿದೆ. ಮೊನ್ನೆ ಕಡೆಯ ಮಾತು ಹೇಳಿದಳು: "ಮಗಳು ಬರಬೇಕೋ, ಮೋತ್ಯಾ ಇರಬೇಕೋ, ನೀನ ಹೇಳು. ಇಲ್ಲಂದ್ರ ಲಾರಿ ಹತ್ತಿಸಿ ಕುಷ್ಟಗಿ ಆಚಿ ಬಿಡಸ್ತೀನಿ." ಅಂದಿನಿಂದ ಲಾರಿ ಸಪ್ಪಳ ಕೇಳಿದರೆ ಎದ್ದು ಹೋಗಿ ಸರಪಳಿ ನೋಡಿ ಬರುತ್ತೇನೆ.

ನಾನು ಮೋತ್ಯಾನಿಗೆ ಹೊಡೆದು ಕಲಿಸುವುದಿಲ್ಲ. ಅದು ಸರಿಯಾದದ್ದು ಮಾಡಿದ ಕ್ಷಣಕ್ಕೆ ಒಂದು ಸಪ್ಪಳ, ಸಪ್ಪಳದ ಹಿಂದೆಯೇ ಒಂದು ತಿನಿಸು. ಸಪ್ಪಳ ಮಾಡಿ ತಿನಿಸು ಕೊಡದಿದ್ದರೆ ಅದು ಮೋಸ. ಹೋದ ವರ್ಷ ನಾನು ಬಾಯಿಂದ ಲೊಚ್ ಅನ್ನುತ್ತಿದ್ದೆ. ಪಂಚಮಿಯಂದು ಅದು ಅನುಷಾಳ ಕೈಗೆ ಕಚ್ಚಿದ ಮೇಲೆ ಪಟ್ಟಿ ಕಟ್ಟಿದ ಕೂಸನ್ನು ನೋಡಲು ಬಂದ ಓಣಿಯ ಹೆಂಗಸರು ಅಯ್ಯೋ ಪಾಪ ಎಂದು ಲೊಚಗುಟ್ಟಿದಾಗಲೆಲ್ಲ ಮೋತ್ಯಾ ಸರಪಳಿ ಜಗ್ಗಿ ಜಿಗಿಯಿತು. "ನೋಡ್ರಿ, ಇನ್ನೂ ಇದರ ಹಸಿವಿ ಹಿಂಗಿಲ್ಲ" ಎಂದಳು ಪಕ್ಕದ ಮನೆಯ ವಿರೂಪಾಕ್ಷಮ್ಮ. ಅದು ಕೇಳಿದ್ದು ಸೇಂಗಾ, ಅಷ್ಟೇ.

ಈಗ ಸಪ್ಪಳ ಬದಲಿಸಿದ್ದೇನೆ. ಒತ್ತಿದರೆ ಟಿಕ್ ಅನ್ನುವ ಪೆನ್ನು. "ಸಾಲ್ಯಾಗ ಪೆನ್ ಹಿಡಿ ಅಂದ್ರ ಓಡಿ ಬಂದಾಂವ, ಈಗ ನಾಯಿಗೆ ಮಾಸ್ತರ ಆಗ್ಯಾನ" ಎಂದು ಅವ್ವ ನಗುತ್ತಾಳೆ. ಹನ್ನೊಂದು ತಿಂಗಳಿಂದ ಒಂದೇ ಪಾಠ: ಯಾರು ಬಂದರೂ ಕೂರಬೇಕು, ಅವರ ಕೈಯಲ್ಲಿ ತಿನಿಸಿದ್ದರೂ ಬಾಯಿ ಹಾಕಬಾರದು. ಗೆಳೆಯ ರೆಹಮಾನ ದಿನಾ ಹೊಸಬನಂತೆ ಬಾಗಿಲು ತೆರೆದು ಬರುತ್ತಾನೆ. "ಲೇ ಗಾಳ್ಯಾ, ಕಚ್ಚಿದ್ರ ನನಗ ಸೂಜಿ ನೀನ ಮಾಡಿಸ್ಬೇಕ ನೋಡು" ಅನ್ನುತ್ತಾನೆ. ನಿನ್ನೆ ಹತ್ತು ಸಲದಲ್ಲಿ ಒಂಬತ್ತು ಸಲ ಕೂತಿತು, ಒಂದು ಸಲ ಜಿಗಿಯಿತು. ಹತ್ತಕ್ಕೆ ಹತ್ತು ಎಂದು ಬರೆಯಲಾರೆ. ಆ ಒಂದು ಸಲ ಎದುರಿಗೆ ಅನುಷಾ ಇದ್ದಿದ್ದರೆ?

ಅದಕ್ಕೇ ಪಂಚಮಿಯಷ್ಟೂ ದಿನ ಮೋತ್ಯಾ ರೆಹಮಾನನ ಹೊಲದ ಮನೆಯಲ್ಲಿರುತ್ತದೆ, ನಾನೇ ಕಟ್ಟಿ ಬರುತ್ತೇನೆ. ನೀವು ಬನ್ನಿ. ಅದನ್ನು ದಾರಿಯಲ್ಲಿ ಬಿಡುವುದೊಂದು ಬೇಡ ಎಂದು ಅವ್ವನಿಗೆ ನೀನೇ ಹೇಳು.

ಈ ಪತ್ರವನ್ನೂ ಅದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಯೋಚಿಸುತ್ತ ಟಿಕ್ ಅನ್ನಿಸಿದಾಗಲೆಲ್ಲ ಮೋತ್ಯಾ ಬಂದು ಎದುರು ಕೂರುತ್ತದೆ. ಕೊಡಲೇಬೇಕು, ಕೊಡುತ್ತಿದ್ದೇನೆ. ಕಿಸೆಯ ಸೇಂಗಾ ಮುಗಿಯುತ್ತ ಬಂತು, ಹೇಳಬೇಕಾದದ್ದು ಇನ್ನೂ ಹೇಳಿಲ್ಲ.

ಮಾವನಿಗೆ ನಮಸ್ಕಾರ ತಿಳಿಸು. ಅನುಷಾ ಚೆನ್ನಾಗಿ ಓದಲಿ, ನನ್ನ ಹಾಗೆ ಆಗದಿರಲಿ.

ನಿನ್ನ ತಮ್ಮ,
ಗಾಳೇಶ

ತಾ.ಕ.: ಅಕ್ಕಾ, ಅಂದು "ನಾಯಿ ಬಾಲ ಜಗ್ಗಿದಿ ಹೌದಿಲ್ಲೋ" ಎಂದು ನೀನು ಅನುಷಾಳಿಗೆ ಹೊಡೆದೆ. "ಇಲ್ಲ ಯವ್ವಾ" ಅಂದಳು. ಸುಳ್ಳು ಹೇಳುತ್ತೀಯಾ ಎಂದು ಮತ್ತೆ ಹೊಡೆದೆ. ಅವಳು ಬಾಲ ಮುಟ್ಟಿರಲಿಲ್ಲ. ಉಂಡಿ ಹಿಡಿದು ಜೋಕಾಲಿಯ ಹತ್ತಿರ ನಿಂತಿದ್ದಳು. ನಾನು ಮಾಳಿಗೆಯ ಮೇಲಿಂದ ವಿಡಿಯೊ ತೆಗೆಯುತ್ತಿದ್ದೆ. ಮೋತ್ಯಾ ಅವಳ ಮುಂದೆ ಕೂತಿತು, ಲೊಚ್ ಅಂದೆ. ಇನ್ನಷ್ಟು ಹೊತ್ತು ಕೂರಲೆಂದು ಮತ್ತೆ ಅಂದೆ, ನಾಲ್ಕೈದು ಸಲ. ನನ್ನ ಕಿಸೆಯಲ್ಲಿ ಏನೂ ಇರಲಿಲ್ಲ. ತಿನಿಸು ಇದ್ದದ್ದು ಅವಳ ಕೈಯಲ್ಲಿ ಮಾತ್ರ. ಆ ವಿಡಿಯೊ ಅಳಿಸಿಲ್ಲ, ಕೇಳಿದರೆ ಮಾವನಿಗೂ ತೋರಿಸುತ್ತೇನೆ. ನೀನು ಬರುವುದು ಬಿಡುವುದು ಆಮೇಲೆ ಯೋಚಿಸು. ಮೊದಲು ಅವಳನ್ನು ಕರೆದು ಇಷ್ಟು ಹೇಳು: "ಮಾಮಾ ಬರದಾನ, ನೀ ಹೇಳಿದ್ದ ಖರೇ ಇತ್ತಂತ."