ಗದಗಿನವರು ಬೇಡವೆಂದ ಗೋಪುರ

ಗದಗ, 28 ಜನವರಿ 2163

ನನ್ನ ಮುತ್ತಜ್ಜಿಯ ಕಾಲದವರಿಗೆ,

ಈ ತಾರೀಖು ನೋಡಿ ನಿಮಗೆ ನಗು ಬರಬಹುದು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾನು ಶಿವಲೀಲಾ ಮುಳಗುಂದ, ಎಪ್ಪತ್ತೊಂದು ವರ್ಷದ ಇಂಜಿನಿಯರು. ನಾನು ಸೋತ ಒಂದು ದಿನದ ಬಗ್ಗೆ ಬರೆಯುತ್ತಿದ್ದೇನೆ.

ನನಗೆ ಮೂವತ್ನಾಲ್ಕಾಗಿದ್ದಾಗ, ಜಗತ್ತಿನಲ್ಲೇ ಎತ್ತರದ ಗೋಪುರವನ್ನು ನಮ್ಮ ದೇಶ ಕಟ್ಟಬೇಕೆಂದು ತೀರ್ಮಾನವಾಯಿತು. ಜಾಗ ನಮ್ಮೂರಿನ ಹೊರವಲಯ, ನಕ್ಷೆ ನನ್ನದು. ಅಲ್ಲಿಂದ ಆರು ವರ್ಷ ಊಟ ನಿದ್ದೆ ಮರೆತು ದುಡಿದೆ. ಶಾಲೆಯ ಪುಸ್ತಕಗಳ ರಕ್ಷಾಪುಟದ ಮೇಲೆ ಆಗಲೇ ಅದರ ಚಿತ್ರ ಬಂದಿತ್ತು. ಬಾಕಿ ಇದ್ದದ್ದು ಊರೊಪ್ಪಿಗೆ ಮಾತ್ರ. ಯಾವ ದೊಡ್ಡ ಕೆಲಸವಾದರೂ, ಅದರ ಪಕ್ಕದಲ್ಲಿ ಬದುಕಬೇಕಾದವರು ಒಂದೆಡೆ ಕೂತು, ಕೇಳಿ, ಕೈಯೆತ್ತಿದ ಮೇಲೆಯೇ ಶುರುವಾಗಬೇಕು. ಅದಕ್ಕೆ ನಾವು ಊರೊಪ್ಪಿಗೆ ಎನ್ನುತ್ತೇವೆ.

ಹತ್ತಿ ಮಾರುಕಟ್ಟೆಯ ಅಂಗಳದಲ್ಲಿ ನಾನು ಒಂದು ತಾಸು ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅಮೀನಾಬಿ ನದಾಫ್ ಎದ್ದರು. ನಲವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಊರಿನ ಎಷ್ಟು ಮಂದಿಗೆ ಕೆಲಸ ಎಂದು ಕೇಳಿದರು. ಆರು ಸಾವಿರ ಜನಕ್ಕೆ, ಒಂಬತ್ತು ವರ್ಷ. ಕೆಲಸ ಹಗಲು ರಾತ್ರಿ ನಡೆಯುವುದರಿಂದ ಊರು ಹತ್ತಿರವಿದ್ದರೂ ವಾಸ ಶಿಬಿರದಲ್ಲೇ, ತಿಂಗಳಿಗೊಮ್ಮೆ ಮನೆ ಎಂದೆ. ಮಕ್ಕಳಿದ್ದಾರೆಯೇ ಎಂದು ಕೇಳಿದರು. ಏಳು ವರ್ಷದ ಮಗಳಿದ್ದಾಳೆ, ನೀಲಾಂಬಿಕೆ ಎಂದೆ.

“ಆಕಿ ಗೆಳತ್ಯಾರ ಹೆಸರ ಹೇಳ್ರಿ ಬಾಯಾರ, ಕೇಳೂಣು.”

ಒಂದು ಹೆಸರೂ ನನಗೆ ಗೊತ್ತಿರಲಿಲ್ಲ.

“ನಿಮ್ಮನ್ನ ಹಂಗಿಸಾಕ ಕೇಳಲಿಲ್ರಿ ನಾ. ಆರ ಸಾವಿರ ಮನಿಯಾಗ ಹಿಂಗ ಆಗೂದು ಬ್ಯಾಡ,” ಎಂದು ಅಮೀನಾಬಿ ಕೂತುಬಿಟ್ಟರು.

ಕೈಗಳು ಮೇಲೇಳಲಿಲ್ಲ. ಪತ್ರಿಕೆಗಳು ನಮ್ಮದು ದೇಶದ ಮಾನ ಕಳೆದ ಊರು ಎಂದು ಬರೆದವು. ಗೋಪುರವನ್ನು ಬೇರೆ ದೇಶ ಕಟ್ಟಿತು. ವರ್ಷಗಳ ನಂತರ ಅದರ ಉದ್ಘಾಟನೆ ನೋಡುತ್ತಾ ನಾನು ಅತ್ತೆ. ಆ ಸಭೆಯಾದ ಮೇಲೆ ಎರಡು ವರ್ಷ ಅಮೀನಾಬಿಯವರ ಓಣಿಗೆ ಕಾಲಿಡಲಿಲ್ಲ. ಕೊನೆಗೆ ಅವರೇ ಮನೆಗೆ ಬಂದು, ಆಸ್ಪತ್ರೆಯ ದಾರಿಯ ಹಳ್ಳಕ್ಕೊಂದು ಸೇತುವೆ ಮಾಡಿಕೊಡಿ ಎಂದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಮಾಡಿಕೊಟ್ಟೆ. ಮೊದಲ ದಿನವೇ ಬಾಣಂತಿಯೊಬ್ಬಳು ಕೂಸನ್ನೆತ್ತಿಕೊಂಡು ಸೇತುವೆಯ ಮೇಲೆ ನಡೆದುಹೋದಳು. ಅವಳು ನನ್ನತ್ತ ನೋಡಲೂ ಇಲ್ಲ. ನನಗೆ ಹೇಳಲಾರದಷ್ಟು ಖುಷಿಯಾಯಿತು.

ಅಮೀನಾಬಿಯವರ ಪ್ರಶ್ನೆ ಮೆಲ್ಲಗೆ ದೇಶದ ಬೇರೆ ಊರುಗಳ ಸಭೆಗಳಲ್ಲೂ ಕೇಳಿಬಂತು. ಈಗ ಎಲ್ಲೆಡೆ ಮಧ್ಯಾಹ್ನ ಮೂರರ ನಂತರ ‘ಮನೆಹೊತ್ತು’. ಯಾವ ಕಚೇರಿಯೂ ಯಾರನ್ನೂ ಕರೆಯುವಂತಿಲ್ಲ. ಮೊನ್ನೆ ಗಣರಾಜ್ಯೋತ್ಸವದ ಭಾಷಣದಲ್ಲಿ, ಜಗತ್ತಿನಲ್ಲಿ ನಾವೆಷ್ಟನೆಯವರು ಎಂಬ ಮಾತೇ ಬರಲಿಲ್ಲ. ಎಷ್ಟು ಊರುಗಳಲ್ಲಿ ಆಸ್ಪತ್ರೆ ನಡೆದುಹೋಗುವ ದೂರದಲ್ಲಿದೆ ಎಂದು ಓದಿದರು. ನಾವು ಸೋಮಾರಿಗಳಾದೆವೆಂದು ಗೊಣಗುವವರೂ ಇದ್ದಾರೆ. ಆದರೆ ದೊಡ್ಡ ಕನಸುಗಳನ್ನೇನೂ ಬಿಟ್ಟಿಲ್ಲ. ಕಾರವಾರದಲ್ಲಿ ಏಳುತ್ತಿರುವ ಕಡಲಗೋಡೆಗೆ ನೀಲಾಂಬಿಕೆಯೇ ಮುಖ್ಯ ಇಂಜಿನಿಯರು. ಅಲ್ಲಿ ಕೆಲಸಗಾರರ ಮನೆ, ಮಕ್ಕಳ ಶಾಲೆ ಮೊದಲು ಎದ್ದವು, ಗೋಡೆ ಆಮೇಲೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದ ನಾಯಕರ ಭಾಷಣಗಳೆಲ್ಲ ನಮ್ಮಲ್ಲಿವೆ. ಆದರೆ ಯಾವುದೋ ಒಂದು ಮಂಗಳವಾರದ ಸಂಜೆ, ಕೆಲಸ ಮುಗಿಸಿ ಚಪ್ಪಲಿ ಬಿಡುವಾಗ ನಿಮಗೆ ಏನು ಬೇಕೆನಿಸುತ್ತಿತ್ತು ಎಂಬುದು ಎಲ್ಲೂ ಇಲ್ಲ. ಅದನ್ನು ಬರೆದಿಡಿ. ನಾಲ್ಕೇ ಸಾಲಾದರೂ ಸಾಕು.

ನಿಮ್ಮವಳೇ,
ಶಿವಲೀಲಾ