ಮೂರನೆಯ ಬೀಗದ ಕೈ

ಬೀಗದ ಕಾರ್ಖಾನೆಯ ಮಹಡಿ ಮನೆ,
ಜೂನ್ ಎಂಟು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಪಟಾಕಿಗೆ, ನಿನ್ನ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಬ್ರೆಡ್ಡು ತಿಂದು ದಿನ ದೂಡುತ್ತಿದ್ದೀಯೋ? ಛತ್ರಿ, ಕನ್ನಡಕ, ಪರ್ಸು ಎಲ್ಲವೂ ನಿನ್ನ ಹತ್ತಿರವೇ ಇವೆ ತಾನೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿ ತಕರಾರು ಮಾಡುತ್ತದೆ. ನಿನ್ನ ಭಾವ ಕುಲುಮೆಯ ಮುಂದೆ ನಿಂತು ನಿಂತು ಇನ್ನಷ್ಟು ಕಪ್ಪಾಗಿದ್ದಾರೆ, ಮಾತು ಇನ್ನಷ್ಟು ಕಡಿಮೆ ಮಾಡಿದ್ದಾರೆ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದನ್ನು ಕೂತುಕೊಂಡು ಓದು, ಏಕೆಂದರೆ ನನಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ನಿನ್ನ ಸಂದೇಶವನ್ನು ನಿನ್ನೆ ಊಟದ ಹೊತ್ತಿನಲ್ಲಿ, ಏನೋ ಒಳ್ಳೆಯ ಸುದ್ದಿ ಇರಬೇಕೆಂದು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಗೋಡೆಯ ಮೇಲಿರುವ ಬೀಗದ ಕೈಗಳನ್ನೆಲ್ಲ ಇಳಿಸಿ ಕುಲುಮೆಗೆ ಹಾಕಬೇಕಂತೆ. ಕರಗುವುದನ್ನು ವಿಡಿಯೊ ತೆಗೆದು ಕಳಿಸಬೇಕಂತೆ. ಈ ತಿಂಗಳ ಕೊನೆಯೊಳಗೆ ತೋರಿಸುತ್ತೇನೆಂದು ಅಲ್ಲಿಯ ಗ್ರಾಹಕರಿಗೆ ನೀನು ಆಗಲೇ ಮಾತು ಕೊಟ್ಟಾಗಿದೆಯಂತೆ. ಯಾರನ್ನು ಕೇಳಿ ಕೊಟ್ಟೆ? ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟು “ಅಷ್ಟೂನಾ?” ಅಂದಳು. ಬಾಯಿಗೆ ಬಂದದ್ದನ್ನೆಲ್ಲ ನಾನೊಬ್ಬಳೇ ಬೈದೆ, ಅದೂ ನೀನಿಲ್ಲದ ಕುರ್ಚಿಯನ್ನು ನೋಡಿಕೊಂಡು.

ವಿದೇಶದ ಗಾಳಿಗೆ ಮರೆತುಹೋಗಿದ್ದರೆ ಜ್ಞಾಪಿಸುತ್ತೇನೆ. ನಮ್ಮ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿ ಬೀಗಕ್ಕೂ ಮೂರು ಕೈ. ಎರಡು ಕೊಂಡವರಿಗೆ, ಮೂರನೆಯದು ನಮ್ಮ ಗೋಡೆಗೆ. ಅದರ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಬೀದಿಗೊಂದು ಬಣ್ಣದ ದಾರ, ಮನೆಗೊಂದು ಗಂಟಿನ ಲೆಕ್ಕ. ಅದನ್ನು ಕಟ್ಟುವುದು ಅಮ್ಮ, ಬಿಡಿಸಿ ಹೇಳಬಲ್ಲವಳೂ ಅಮ್ಮ ಒಬ್ಬಳೇ. ಕಳ್ಳ ಒಳಗೆ ನುಗ್ಗಿದರೂ ಆ ಗೋಡೆಯ ಮುಂದೆ ಪೆದ್ದನಂತೆ ನಿಲ್ಲಬೇಕು. ನಮ್ಮ ಬೀದಿಯ ಟೈಲರ್ ಅಜ್ಜ ಒಲೆ ಹಚ್ಚಿಟ್ಟು, ಒಳಗಿನಿಂದ ಬೀಗ ಹಾಕಿಕೊಂಡು, ಕೈ ಎಲ್ಲಿಟ್ಟೆನೆಂದು ಮರೆತು ಹೊಗೆಯಲ್ಲಿ ಕೆಮ್ಮುತ್ತಿದ್ದಾಗ ಅಮ್ಮ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದ್ದು ನಿನಗೆ ಗೊತ್ತು. ಅವಳ ಹಿಂದೆಯೇ ನೀನೂ ಓಡಿದ್ದೆ. ಕಿಟಕಿಯ ಸರಳುಗಳ ಒಳಗೆ ಕೈ ತೂರಿಸಿ ಅಜ್ಜನಿಗೆ ಆ ಬೀಗದ ಕೈ ಕೊಟ್ಟವಳೂ ನೀನೇ. ಈಗ ಅದೇ ಗೋಡೆ ನಿನ್ನ ಸಂದೇಶದಲ್ಲಿ “ಬ್ರ್ಯಾಂಡ್‌ಗೆ ಅಪಾಯ” ಆಗಿಬಿಟ್ಟಿದೆ.

ನೀನು ಹೊರದೇಶಕ್ಕೆ ಹೋಗುವುದಕ್ಕೆ ನಾನು ಅಡ್ಡ ಬಂದವಳಲ್ಲ. ಇಲ್ಲಿ ಕಟ್ಟಡದ ಕೆಲಸಗಳೆಲ್ಲ ಅರ್ಧಕ್ಕೆ ನಿಂತು, ಹೊಸ ಬಾಗಿಲೇ ಇಲ್ಲದ ಮೇಲೆ ಬೀಗ ಯಾರಿಗೆ ಬೇಕು ಎಂದು ನಾವು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆವು. ಹಿತ್ತಾಳೆಯ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. “ಎಲ್ಲರೂ ಹೆದರಿಕೊಂಡಿರೋ ಕಾಲ್ದಲ್ಲೇ ಬೀಗ ಮಾರಾಟ ಆಗೋದು ಕಣೇ ಅಕ್ಕಾ” ಎಂದು ನೀನು ನಗಿಸಿದೆ. ನಿನ್ನ ಧೈರ್ಯ ನೋಡಿ ನನಗೂ ಧೈರ್ಯ ಬಂತು. ಮಾದರಿ ಬೀಗಗಳ ಪೆಟ್ಟಿಗೆಯನ್ನು ನಾನೇ ಕಟ್ಟಿಕೊಟ್ಟೆ. ಆದರೆ ಅಂಗಡಿ ತೆರೆದ ದಿನವೇ ನೀನು ಮಾಡಿದ ಭಾಷಣ ಯಾರು ಹೇಳಿಕೊಟ್ಟದ್ದು? “ನಿಮ್ಮೆಲ್ಲರ ಮನೆಯ ಮೂರನೇ ಕೈ ನಮ್ಮ ಮನೆ ಗೋಡೆ ಮೇಲಿರುತ್ತೆ, ನೀವು ನಿಶ್ಚಿಂತೆಯಿಂದ ಕಳೆದುಕೊಳ್ಳಿ” ಎಂದು ಹೆಮ್ಮೆಯಿಂದ ಹೇಳಿದೆಯಂತೆ. ಇಲ್ಲಿಯವರು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿಯವರ ಮುಖ ಬಿಳುಚಿಕೊಂಡಿತು. ಪತ್ರಿಕೆಯವರು ಬರೆದರು, ಜನ ಬೀಗಗಳನ್ನು ಕಳಚಿ ವಾಪಸ್ ತಂದರು. ಅಮ್ಮನ ಗೋಡೆ ಇಲ್ಲಿ ತನ್ನ ಪಾಡಿಗೆ ತಾನಿತ್ತು. ಅದನ್ನು ಬೀದಿಗೆ ಎಳೆದವಳು ನೀನು. ಈಗ ಶಿಕ್ಷೆ ಮಾತ್ರ ಗೋಡೆಗೆ.

ಅವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಅವರಿಗೆ ನಾವು ಯಾರೋ, ಅಮ್ಮ ಯಾರೋ. ಗುರುತಿಲ್ಲದವರ ಗೋಡೆಯ ಮೇಲೆ ನಮ್ಮ ಮನೆಯ ಕೈ ನೇತಾಡುತ್ತಿದೆಯೆಂದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಆ ದೇಶದಲ್ಲಿ ಮಾರಿದ ಬೀಗಗಳ ಕೈಗಳ ಸಾಲನ್ನು ಪೂರ್ತಿ ಇಳಿಸಿದ್ದೇನೆ. ಒಂದೊಂದು ಕೈಯನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ, ಯಾವುದು ಯಾರ ಮನೆಯದೆಂದು ಅಮ್ಮ ಹೇಳಿದಂತೆ ಮೇಲೆ ಬರೆದು, ಅರಗು ಹಚ್ಚಿ, ನಾಳೆ ನಿನಗೆ ಪಾರ್ಸೆಲ್ ಕಳಿಸುತ್ತೇನೆ. ಅವರವರದ್ದು ಅವರವರಿಗೆ ಕೊಟ್ಟುಬಿಡು, ಇನ್ನು ಮುಂದೆ ಅಲ್ಲಿಗೆ ಬರುವ ಬೀಗದ ಮೂರೂ ಕೈ ಕೊಂಡವರಿಗೇ ಸೇರುತ್ತವೆ. ನಿನ್ನ ಅಂಗಡಿಯ ಬಾಗಿಲಿನದೊಂದನ್ನು ಮಾತ್ರ ಅಮ್ಮ ಮುಟ್ಟಗೊಡಲಿಲ್ಲ. “ಅವಳು ಗಿರಾಕಿ ಅಲ್ವಲ್ಲ” ಅಂದಳು.

ಉಳಿದ ಗೋಡೆಯನ್ನು ನಾನು ಮುಟ್ಟುವುದಿಲ್ಲ. ಗೋಡೆಯಷ್ಟನ್ನೂ ಕರಗಿಸಿದ್ದು ಕಣ್ಣಾರೆ ಕಾಣದಿದ್ದರೆ ಅಲ್ಲಿ ಸಗಟಾಗಿ ಕೊಳ್ಳುವ ನಿನ್ನ ಡೀಲರ್ ಒಪ್ಪಂದ ಮುರಿಯುತ್ತಾನೆಂದು ಬರೆದಿದ್ದೀಯ. ಮುರಿದರೆ ಏನಾಗುತ್ತದೆಂದು ನನಗೆ ಗೊತ್ತು. ಕೆಳಗೆ ಅರ ಹಿಡಿದು ಬೀಗದ ಕೈಯ ಹಲ್ಲು ತೀಡುವವರಲ್ಲಿ ಅರ್ಧದಷ್ಟು ಜನರಿಗೆ ಕೆಲಸ ಇರುವುದು ನಿನ್ನ ಅಂಗಡಿಯ ದಯೆಯಿಂದ. ಅವರೆದುರು ಹಾದುಹೋಗುವಾಗಲೆಲ್ಲ ನಾನು ತಲೆ ತಗ್ಗಿಸಬೇಕಾಗಿದೆ. ಆ ಸಿಟ್ಟೂ ನಿನ್ನ ಮೇಲೆಯೇ. ಆದರೆ ಇದನ್ನೂ ತಿಳಿದುಕೋ. ಈ ವರ್ಷ ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳವರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೊರಟರು. ಗಾಡಿಗೆ ಸಾಮಾನು ಏರಿಸಿ, ಬಾಗಿಲಿಗೆ ನಮ್ಮ ಬೀಗ ಜಡಿದು, ಹೋಗುವ ಮುಂಚೆ ಒಮ್ಮೆ ನಮ್ಮಲ್ಲಿಗೆ ಬರುತ್ತಾರೆ. ಗೋಡೆಯ ಮೇಲೆ ತಮ್ಮದು ಎಲ್ಲಿದೆಯೆಂದು ಅಮ್ಮನನ್ನು ಕೇಳುತ್ತಾರೆ. ಅವಳು ತೋರಿಸುತ್ತಾಳೆ. ಸುಮ್ಮನೆ ನೋಡುತ್ತಾರೆ, ಹೊರಡುತ್ತಾರೆ. ಅವರು ವಾಪಸ್ ಬಂದ ದಿನ, ನಿಮ್ಮದನ್ನು ಕರಗಿಸಿಬಿಟ್ಟೆವು, ವಿಡಿಯೊ ಇದೆ ನೋಡಿ ಎಂದು ತೋರಿಸಲೇ?

ಡೀಲರ್‌ಗೆ ಲಕೋಟೆಗಳನ್ನು ತೋರಿಸು. ಅರಗು ಒಡೆದಿಲ್ಲವೆಂದು ಬೇಕಾದರೆ ಭೂತಗನ್ನಡಿ ಹಿಡಿದು ನೋಡಲಿ. ಅವನು ಒಪ್ಪಿದರೆ ಸರಿ. ಒಪ್ಪದಿದ್ದರೆ ಅಂಗಡಿ ಮುಚ್ಚಿ ಬಾ, ಬಂದ ಮೇಲೆ ನಿನಗೆ ಬೈಯುವುದು ಇನ್ನೂ ಬಾಕಿ ಇದೆ. ಅಮ್ಮನಿಗೆ ಮಾತ್ರ ನೀನೇ ಫೋನ್ ಮಾಡಿ ಕ್ಷಮೆ ಕೇಳಬೇಕು. ಅವಳು ಜಗಳ ಆಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿನ್ನೆ ಸಂಜೆ ಒದ್ದೆ ಬಟ್ಟೆ ಹಿಡಿದು ಗೋಡೆಯ ಧೂಳನ್ನೆಲ್ಲ ಒರೆಸಿದಳು, ಕೊನೆಯ ಪಯಣಕ್ಕೆ ಹೊರಟವರಿಗೆ ಸ್ನಾನ ಮಾಡಿಸುವ ಹಾಗೆ. ನನಗೆ ನೋಡಲಾಗಲಿಲ್ಲ.

ಎಷ್ಟು ಬೈದರೂ ನೀನು ನನ್ನ ತಂಗಿಯೇ, ಅದನ್ನೇನು ಮಾಡಲಿ. ದೇವರು ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನೂ ಜೊತೆಗೇ ಕೊಡಲಿ. ನಿನ್ನ ಭಾವ “ಕೇಳಿದೆ ಅಂತ ಬರಿ” ಎಂದಿದ್ದಾರೆ, ಬರೆದಿದ್ದೇನೆ.

ಇಂತಿ,
ಇನ್ನೂ ಸಿಟ್ಟಿಳಿಯದ
ನಿನ್ನ ಅಕ್ಕ

ತಾ.ಕ.: ಈ ಕಾಗದದ ಲಕೋಟೆ ಅಂಟಿಸುವ ಹೊತ್ತಿಗೆ ಅಮ್ಮ ಬಂದಳು. ಬೆಳಿಗ್ಗೆ ಅವಳಿಗೆ ಗುಟ್ಟಾಗಿ ಫೋನ್ ಮಾಡಿದ್ದೆಯಂತೆ. ಅಂಗಡಿ ಬೀಗದ ಒಂದು ಕೈಯನ್ನು ಟ್ಯಾಕ್ಸಿಯಲ್ಲಿ ಬಿಟ್ಟಿದ್ದೀಯ, ಇನ್ನೊಂದು ಅಂಗಡಿಯ ಒಳಗೇ ಇದೆ, ನಮ್ಮ ಬೀಗ ತೆಗೆಯಲು ಅಲ್ಲಿ ಯಾರಿಗೂ ಬರುತ್ತಿಲ್ಲ, ಬೀದಿಯವರ ಕಣ್ಣೆದುರು ನಮ್ಮ ಬೀಗವನ್ನು ನೀನೇ ಒಡೆದರೆ ಮಾನ ಹೋಗುತ್ತದೆ, “ಮೂರನೇದು ಕಳಿಸಮ್ಮ, ಅಕ್ಕನಿಗೆ ಹೇಳ್ಬೇಡ” ಅಂದೆಯಂತೆ. ಅವಳು ಹೇಳಿದಳು. ಪಾರ್ಸೆಲ್‌ಗೆ ಕಾಯಬೇಡ, ಈ ಕಾಗದದ ಮಡಿಕೆಯಲ್ಲೇ ಇದೆ, ಅವಳು ಕಟ್ಟಿದ ದಾರವನ್ನೂ ಬಿಚ್ಚಿಲ್ಲ. ಬಾಗಿಲು ತೆಗೆದ ಮೇಲೆ ಅದನ್ನು ಕರಗಿಸಿ ವಿಡಿಯೊ ಮಾಡುತ್ತೀಯೋ, ವಾಪಸ್ ಕಳಿಸುತ್ತೀಯೋ, ನಿನಗೆ ಬಿಟ್ಟಿದ್ದು. ಗೋಡೆಯ ಮೇಲೆ ಅದು ನೇತಾಡುತ್ತಿದ್ದ ಮೊಳೆಗೆ ಅಮ್ಮ ಬೇರೆ ಏನನ್ನೂ ನೇತುಹಾಕಿಲ್ಲ.