ಕೊಡೆ ಮಾತ್ರ ಉಳಿದ ಆಲ್ಬಮ್

ಹದಿನೇಳನೇ ತಾರೀಖು, ಬುಧವಾರ
ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಮುದ್ದು, ಅಮ್ಮನ ಹಾರೈಕೆ. ಇಲ್ಲಿ ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಗಡಿಯಾರದ ಅಂಗಡಿಯನ್ನು ಈಗ ಹತ್ತು ಗಂಟೆಗೆ ತೆಗೆಯುತ್ತಾರೆ, ಮೊದಲಿನ ಹಾಗೆ ಎಂಟಕ್ಕೇ ಓಡುವುದಿಲ್ಲ. ನನ್ನ ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನ ಕಾಗದದಲ್ಲಿ ಇದ್ದದ್ದೇ ನಾಲ್ಕು ಸಾಲು. "ಮಾವ ಫೋನ್ ಮಾಡಿದ್ದರು. ಅಷ್ಟು ಜನರ ಎದುರು ಅತ್ತೆಗೆ ಅವಮಾನ ಮಾಡಿದೆಯಂತೆ. ಈ ವಯಸ್ಸಲ್ಲಿ ಏನಮ್ಮಾ ಇದು ಹೊಟ್ಟೆಕಿಚ್ಚು? ಹೋಗಿ ಕ್ಷಮೆ ಕೇಳು, ಅಲ್ಲಿಯವರೆಗೂ ನಾನು ಆ ಮನೆಗೆ ಬರಲ್ಲ." ಹೇಗಿದ್ದೀಯ ಎಂದು ಒಂದು ಮಾತಿಲ್ಲ. ಇರಲಿ. ನೀನು ಬರದಿದ್ದರೆ ಈ ಮನೆಯಲ್ಲಿ ನನಗೆ ಏನು ಉಳಿಯುತ್ತದೆ ಎಂದು ನಿನಗೆ ಗೊತ್ತು, ಅದಕ್ಕೇ ಅಲ್ಲಿಗೇ ಕೈ ಹಾಕಿದ್ದೀಯ. ಕ್ಷಮೆ ಕೇಳಬೇಕೋ ಬೇಡವೋ ಆಮೇಲೆ ನೋಡೋಣ. ನನ್ನ ಅಣ್ಣನ ಬಾಯಲ್ಲಿ ಕೇಳಿದ್ದಾಯಿತಲ್ಲ, ಈಗ ನನ್ನ ಬಾಯಲ್ಲಿ ಕೇಳು.

ನೀನು ಮೊದಲ ಕೆಲಸಕ್ಕೆ ಹೊರಟ ದಿನ ನಾನು ಕೊಟ್ಟ ಕಾರ್ಡು ನೆನಪಿದೆಯೇ? ನೀಲಿ ದಪ್ಪ ಕಾಗದ, ಮಧ್ಯೆ ಎರಡು ಬಾಗಿಲಿನ ಪುಟ್ಟ ಕಿಟಕಿ, ಕಿಟಕಿ ತೆಗೆದರೆ ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಿರುವ ಹೆಂಗಸು. ಅವಳ ಉಡುಪಿಗೆ ನಿನ್ನ ಹಳೆಯ ಹಳದಿ ಫ್ರಾಕಿನ ಚೂರು ಅಂಟಿಸಿದ್ದೆ. ಒಳಗೆ ಎರಡೇ ಸಾಲು ಬರೆದಿದ್ದೆ. "ಹೋಗಿ ಬಾ ಅಂತ ಬಾಯಿ ಹೇಳಿತು. ಮನಸ್ಸು ಇನ್ನೂ ಹೇಳಿಲ್ಲ." ಆ ಎರಡು ಸಾಲಿಗೆ ನನಗೆ ಮೂರು ದಿನ ಹಿಡಿದಿತ್ತು. ಗಡಿಬಿಡಿಯಲ್ಲಿ ಕಿಟಕಿಯ ಮಡಿಕೆಯ ಗೆರೆಯನ್ನು ಕಾಗದದ ತಪ್ಪು ಬದಿಗೆ ಎಳೆದುಬಿಟ್ಟಿದ್ದೆ. ಹಾಗಾಗಿ ಬಾಗಿಲುಗಳು ಹೊರಗೆ ತೆರೆಯುವ ಬದಲು ಒಳಗೆ ಬಿದ್ದು ಆ ಹೆಂಗಸನ್ನು ಮುಚ್ಚುತ್ತಿದ್ದವು, ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಅವಳು ಕಾಣುತ್ತಿದ್ದಳು. ನಿನ್ನ ಬಸ್ಸು ಹೊರಡುವುದರಲ್ಲಿತ್ತು, ಇನ್ನೊಂದು ಮಾಡಲು ಹೊತ್ತಿರಲಿಲ್ಲ. ಆಮೇಲೆ ಗಿರಾಕಿಗಳಿಗೆ ನೂರೆಂಟು ಕಿಟಕಿ ಕಾರ್ಡು ಮಾಡಿಕೊಟ್ಟಿದ್ದೇನೆ. ಹೂವು ಇಟ್ಟಿದ್ದೇನೆ, ಗಿಳಿ ಇಟ್ಟಿದ್ದೇನೆ, ಗಿರಾಕಿಯ ಮಗುವಿನ ಫೋಟೊ ಇಟ್ಟಿದ್ದೇನೆ. ಆ ಹೆಂಗಸನ್ನು ಮಾತ್ರ ಇನ್ಯಾರಿಗೂ ಕೊಟ್ಟಿಲ್ಲ.

ನಾಲ್ಕು ತಿಂಗಳ ಹಿಂದೆ ಆಲ್ಬಮ್ ಕೆಲಸಕ್ಕೆ ದಾರ, ಟೇಪು ತರಲು ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಬಾಗಿಲ ಪಕ್ಕದ ತಿರುಗುವ ಸ್ಟ್ಯಾಂಡಿನಲ್ಲಿ ಆ ನೀಲಿ ಕಣ್ಣಿಗೆ ಬಿತ್ತು. ಒಂದರ ಹಿಂದೆ ಒಂದು ಇಪ್ಪತ್ತು ಕಾರ್ಡು, ಎಲ್ಲ ಅಚ್ಚಾದವು. ಅದೇ ಕಿಟಕಿ, ಅದೇ ಬೆನ್ನು, ಅದೇ ಎರಡು ಸಾಲು, ಅದೂ ನನ್ನ ಕೈಬರಹದಲ್ಲೇ. ಕಿಟಕಿಯ ಪಕ್ಕದಲ್ಲಿ ಗೋಂದು ಮೆತ್ತಿದ್ದ ನನ್ನ ಹೆಬ್ಬೆರಳಿನ ಗುರುತೂ ಅಚ್ಚಾಗಿತ್ತು. ಬಾಗಿಲು ತೆಗೆದೆ, ಒಳಗೇ ಬಿತ್ತು. ಅಂಗಡಿಯವನು ಹಲ್ಲು ಬಿಟ್ಟುಕೊಂಡು, "ಅದು ಚೆನ್ನಾಗಿ ಹೋಗ್ತಾ ಇದೆ ಮೇಡಂ. ಕಿಟಕಿ ಒಳಗಡೆ ಬೀಳೋದೇ ಈಗಿನ ಸ್ಟೈಲಂತೆ" ಎಂದ. ತಿರುಗಿಸಿ ನೋಡಿದರೆ ಹಿಂದೆ ನಿನ್ನ ಅತ್ತೆಯ ಹೆಸರು, ಇನಿಶಿಯಲ್ ಸಮೇತ. ಅದರ ಕೆಳಗೆ, ಅಧ್ಯಾಪಕರ ಶುಭಾಶಯ ಪತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ರಚನೆ ಎಂದು.

ಒಬ್ಬನೇ ಅಣ್ಣನ ಹೆಂಡತಿ ಎಂದು ಅವಳನ್ನು ಮೂವತ್ತು ವರ್ಷ ತಲೆಯ ಮೇಲೆ ಹೊತ್ತುಕೊಂಡವಳು ನಾನು. ಅವಳು ನನ್ನ ಕೆಲಸವನ್ನು "ಅಂಟು ಕತ್ತರಿ ಆಟ" ಎಂದು ನೆಂಟರ ಎದುರು ನಗಾಡಿದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಇದು ನಿನ್ನ ಕಾರ್ಡು. ಹೋದ ವರ್ಷ ನೀನು ಮನೆ ಬದಲಾಯಿಸುವಾಗ ಸಹಾಯಕ್ಕೆಂದು ಹತ್ತು ದಿನ ಬಂದು ಉಳಿದಿದ್ದಳಲ್ಲ, ಆಗ ನಿನ್ನ ಪೆಟ್ಟಿಗೆಗೆ ಕೈ ಹಾಕಿರಬೇಕು ಎಂದುಕೊಂಡೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ಕಾರ್ಡು ಕಳೆದುಹೋದದ್ದು ಗೊತ್ತಾಗಿ ಎಷ್ಟು ಅಳುತ್ತೀಯೋ ಎಂದು ಹೆದರಿಕೆ. ಒಂದು ಕಾರ್ಡನ್ನು ಕೊಂಡು ತಂದು ಬೀರುವಿನ ಬಟ್ಟೆಯ ಅಡಿಯಲ್ಲಿ ಇಟ್ಟೆ, ಯಾರಿಗೂ ಹೇಳಲಿಲ್ಲ. ಬಟ್ಟೆ ತೆಗೆಯುವಾಗಲೆಲ್ಲ ಅದನ್ನೊಮ್ಮೆ ಹೊರಗೆ ತೆಗೆದು ನೋಡಿ ಮತ್ತೆ ಅಡಗಿಸಿಡುತ್ತಿದ್ದೆ.

ಎರಡು ವಾರವಾಗಿರಲಿಲ್ಲ, ಅವಳೇ ಬಂದಳು. ಕೈಯಲ್ಲಿ ಕೊಡೆ, ಕಂಕುಳಲ್ಲಿ ಬೂಟಿನ ಡಬ್ಬ. ಡಬ್ಬದ ತುಂಬ ಫೋಟೊ, ಟಿಕೀಟು, ಮಡಚಿದ ನಕ್ಷೆ, ಹೋಟೆಲಿನ ಸಾಬೂನಿನ ಹೊದಿಕೆ.

"ನಾನು ನಿವೃತ್ತಿ ಆಗ್ತಾ ಇದೀನಿ ಕಣೆ. ಸ್ಕೂಲಿನ ಬೀಳ್ಕೊಡುಗೆಗೆ ನನ್ನ ಪ್ರವಾಸಗಳದ್ದೆಲ್ಲ ಒಂದು ಆಲ್ಬಮ್ ಮಾಡಿಕೊಡು. ಎಲ್ಲರ ಕೈಗೂ ಕೊಡ್ತೀನಿ, ನೋಡ್ಲಿ. ನೀನು ಹೇಗೂ ಎಲ್ಲೂ ಹೋಗೋಳಲ್ಲ, ಮನೇಲೇ ಇರ್ತೀಯ."

"ಯಾವುದೋ ಕಾರ್ಡಿಗೆ ಬಹುಮಾನ ಬಂತಂತಲ್ಲ ಅತ್ತಿಗೆ?" ಎಂದೆ, ಟೀ ಲೋಟ ಮುಂದಿಡುತ್ತಾ.

"ಅಯ್ಯೋ, ಅದೇನು ಮಹಾ! ಸುಮ್ನೆ ಕೂತಿದ್ದಾಗ ಹಾಗೇ ಹೊಳೀತು."

ಕಣ್ಣು ಸಹ ಮಿಟುಕಿಸಲಿಲ್ಲ, ಗುಬ್ಬಿ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿಂದಳು. ಅದು ಒದ್ದೆಯಾಗಿ ಲೋಟದೊಳಗೆ ಬಿದ್ದದ್ದಕ್ಕೆ ಮಾತ್ರ ಮುಖ ಸಿಂಡರಿಸಿದಳು. ಆಗಲೇ ನಿರ್ಧಾರ ಮಾಡಿದೆ. "ಮಾಡಿಕೊಡ್ತೀನಿ ಅತ್ತಿಗೆ, ನೀವು ಜನ್ಮದಲ್ಲಿ ಮರೆಯಬಾರದು, ಹಾಗೆ" ಎಂದೆ.

ಇಡೀ ಒಂದು ತಿಂಗಳು ಮಧ್ಯಾಹ್ನಗಳನ್ನು ಅದಕ್ಕೇ ಕೊಟ್ಟೆ. ನನ್ನ ಪದ್ಧತಿ ನಿನಗೆ ಗೊತ್ತು. ಗಿರಾಕಿಯ ಫೋಟೊಗೆ ಕತ್ತರಿ ಹಾಕುವ ಮೊದಲು ಅಂಗಡಿಯಲ್ಲಿ ಇನ್ನೊಂದು ಪ್ರತಿ ತೆಗೆಸುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ. ಈ ಸಲ ತೆಗೆಸಲಿಲ್ಲ. ಮೂಲದ ಮೇಲೆ ಅವಳಿಗೆ ಅಷ್ಟು ಆಸೆಯಲ್ಲವೇ, ಮೂಲಕ್ಕೇ ಕತ್ತರಿ ಹಾಕಿದೆ. ಎಲ್ಲ ಫೋಟೊದಲ್ಲೂ ಅವಳು ನಟ್ಟ ನಡುವೆ ನಿಂತಿದ್ದಳು. ಬೆಟ್ಟ, ಜಲಪಾತ, ನಿನ್ನ ಮಾವ ಎಲ್ಲರೂ ಹಿಂದೆ. ದೋಣಿಯ ಫೋಟೊವನ್ನು ಮೊಟ್ಟೆಯ ಆಕಾರಕ್ಕೆ ಕತ್ತರಿಸಿದೆ, ಅವಳ ಕುತ್ತಿಗೆಯ ಮೇಲಿನದ್ದೆಲ್ಲ ಹೋಯಿತು. ಕೋಟೆಯ ಬಾಗಿಲಲ್ಲಿ ಅವಳ ಮುಖದ ಮೇಲೆ ಸರಿಯಾಗಿ ಪ್ರವೇಶದ ಟಿಕೀಟು ಅಂಟಿಸಿದೆ. ಸಮುದ್ರದ ಪುಟದಲ್ಲಿ ಅವಳಿದ್ದ ಜಾಗಕ್ಕೆ ನಕ್ಷೆಯನ್ನು ಬೀಸಣಿಗೆಯ ಹಾಗೆ ಮಡಚಿ ಕೂರಿಸಿದೆ. ಮುಖ ಬಿಟ್ಟು ಉಳಿದದ್ದಕ್ಕೆಲ್ಲ ಒಳ್ಳೆಯ ಚೌಕಟ್ಟು ಕೊಟ್ಟೆ. ಒಂದು ಕಡೆ ಮೊಣಕೈ, ಒಂದು ಕಡೆ ಚಪ್ಪಲಿ, ಹೋದಲ್ಲೆಲ್ಲ ಆ ಕಪ್ಪು ಕೊಡೆ. ಸ್ಕೂಲಿನಲ್ಲಿ ಮಕ್ಕಳು ಅವಳನ್ನು "ಕೊಡೆ ಟೀಚರ್" ಎಂದೇ ಕರೆಯುವುದು. ಕೊಡೆಗೆ ಯಾವ ಅನ್ಯಾಯವೂ ಆಗದ ಹಾಗೆ ನೋಡಿಕೊಂಡೆ. ನಾನು ಈ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಯಿತು, ಇಷ್ಟು ಅಚ್ಚುಕಟ್ಟಾದ ಪುಟಗಳನ್ನು ಎಂದೂ ಮಾಡಿಲ್ಲ. ಕೆಲಸ ಮಾಡುವಾಗ ಹಾಡು ಗುನುಗುತ್ತಿದ್ದೆನಂತೆ, ಅಪ್ಪ ಹೇಳಿದರು.

ಅವರು ಒಂದು ದಿನ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಬಂದು ಪುಟ ತಿರುವಿದರು.

"ಏನೇ ಇದು, ಹದಿನಾಲ್ಕು ಪುಟ ನೋಡಿದೆ, ನಿಮ್ಮತ್ತಿಗೆ ಎಲ್ಲೂ ಇಲ್ಲವಲ್ಲೇ!"

"ಕೊಡೆ ಇದೆ, ಸರಿಯಾಗಿ ನೋಡಿ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಚ್ಚಾದ ಕಾರ್ಡನ್ನು ತೆಗೆದು ತೋರಿಸಿದೆ. ನಗು ನಿಂತಿತು. ಬಹಳ ಹೊತ್ತು ಕಿಟಕಿಯ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದರು. "ಬೇಡ ಕಣೇ. ಮೊದಲು ಮಗಳಿಗೊಂದು ಫೋನ್ ಮಾಡಿ ಕೇಳು" ಎಂದರು. ನಾನು ಕೇಳಲಿಲ್ಲ.

ಬೀಳ್ಕೊಡುಗೆಯ ದಿನ ಸ್ಕೂಲಿನ ಹಾಲ್ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಪೋಷಕರು, ಆಡಳಿತ ಮಂಡಳಿಯವರು. ಆಲ್ಬಮನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟಿದ್ದೆ. "ಬಿಚ್ಚಬೇಡಿ ಅತ್ತಿಗೆ, ವೇದಿಕೆಯ ಮೇಲೇ ಬಿಚ್ಚಿ" ಎಂದಿದ್ದೆ. ಅವಳು ಹಾಗೇ ಮಾಡಿದಳು. ಪಾಪ, ನನ್ನನ್ನು ನಂಬಿದ್ದಳು. ಹೊದಿಕೆ ಬಿಚ್ಚಿದವಳೇ ಒಳಗೆ ನೋಡದೆ ಮೈಕಿನಲ್ಲಿ, "ನಾನು ಕಂಡ ಜಗತ್ತು ಇದು, ಎಲ್ಲರೂ ನೋಡಿ" ಎಂದು ಹೇಳಿ ಮೊದಲ ಸಾಲಿನವರ ಕೈಗೆ ಇಳಿಸಿದಳು. ಆಲ್ಬಮ್ ಕೈಯಿಂದ ಕೈಗೆ ಹೊರಟಿತು. ಮೊದಲು ಎಲ್ಲರೂ ಆಹಾ ಓಹೋ ಎಂದರು. ಮೂರನೇ ಸಾಲಿಗೆ ಬರುವಾಗ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಐದನೇ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಗಟ್ಟಿಯಾಗಿ, "ಅಮ್ಮಾ, ಟೀಚರ್ ಹೋಗೇ ಇಲ್ಲ, ಕೊಡೆ ಒಂದೇ ಹೋಗಿದೆ!" ಎಂದಿತು. ಇಡೀ ಹಾಲ್ ಗೊಳ್ಳೆಂದಿತು.

ಅಲ್ಲಿಗೇ ಮುಗಿಯಲಿಲ್ಲ. ಕತ್ತರಿಸಿ ಉಳಿದ ಚೂರನ್ನೆಲ್ಲ ಲಕೋಟೆಗೆ ಹಾಕಿ ಆಲ್ಬಮಿನ ಹಿಂದಿನ ಜೇಬಿನಲ್ಲಿಟ್ಟು ಕೊಡುವುದು ನಮ್ಮ ಕೆಲಸದ ಮರ್ಯಾದೆ. ಗಿರಾಕಿಯದ್ದು ಗಿರಾಕಿಗೇ ಸೇರಬೇಕು. ಡ್ರಾಯಿಂಗ್ ಮೇಷ್ಟ್ರು ಆ ಲಕೋಟೆಯನ್ನು ಎಳೆದು, ಏನಿದೆಯೋ ಎಂದು ಬಗ್ಗಿಸಿದರು. ಅತ್ತಿಗೆಯ ಮುಖಗಳು ಉದುರಿದವು. ಅರವತ್ತಮೂರು ಮುಖ, ಎಲ್ಲದರಲ್ಲೂ ನಗು. ಕುರ್ಚಿಗಳ ಕೆಳಗೆ, ಜನರ ಚಪ್ಪಲಿಯ ಹತ್ತಿರ. ನಿನ್ನ ಮಾವ ಬಗ್ಗಿ ಒಂದೊಂದನ್ನೇ ಹೆಕ್ಕತೊಡಗಿದರು. ನಿಜ ಹೇಳುತ್ತೇನೆ, ಅದನ್ನು ನೋಡಿ ಅಣ್ಣನ ಬಗ್ಗೆ ಅಯ್ಯೋ ಅನ್ನಿಸಿತು. ಅವಳ ಬಗ್ಗೆ ಏನೂ ಅನ್ನಿಸಲಿಲ್ಲ. ಇಲ್ಲ, ಅದೂ ಸುಳ್ಳು, ಹೊಟ್ಟೆ ತಣ್ಣಗಾಯಿತು.

ಅವಳು ನನ್ನನ್ನು ಹಿಂದಿನ ಕಾರಿಡಾರಿಗೆ ದರದರ ಎಳೆದುಕೊಂಡು ಹೋದಳು. "ಯಾಕೆ? ನಾನು ನಿನಗೇನು ಮಾಡಿದ್ದೆ?" ಎಂದಳು. ಚೀಲದಿಂದ ನೀಲಿ ಕಾರ್ಡು ತೆಗೆದು ಅವಳ ಮುಂದೆ ಹಿಡಿದೆ. "ನನ್ನ ಮಗಳಿಗೆ ಬರೆದ ಮಾತಿನಿಂದ ನನ್ನನ್ನೇ ಕತ್ತರಿಸಿ ಹಾಕಿದ್ದೀರಿ. ನಿಮ್ಮದು ಬರೀ ಫೋಟೊ" ಎಂದೆ. ಅವಳ ಬಣ್ಣ ಇಳಿದುಹೋಯಿತು. ಏನೋ ಹೇಳಿದಳು, ಒಳಗೆ ಮೈಕಿನ ಗಲಾಟೆ, ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಷ್ಟೇ ನಡೆದದ್ದು. ಇದನ್ನು ಹೊಟ್ಟೆಕಿಚ್ಚು ಎಂದು ಕರೆಯುವುದಾದರೆ ಕರೆ. ಬೇರೆಯವಳ ಮನಸ್ಸಿನ ಮಾತಿಗೆ ತನ್ನ ಹೆಸರು ಹಾಕಿಕೊಂಡು ಚಪ್ಪಾಳೆ ತಟ್ಟಿಸಿಕೊಂಡವಳ ಹತ್ತಿರ ನಾನು ಕ್ಷಮೆ ಕೇಳುವುದಿಲ್ಲ. ಆ ಕಾರ್ಡು ಅಚ್ಚು ಹಾಕಿದ ಕಂಪನಿಗೂ ಬರೆದಿದ್ದೇನೆ. ಅವರು ಅತ್ತಿಗೆಯ ಹೆಸರು ತೆಗೆಯುತ್ತೇವೆ ಎಂದಿದ್ದಾರೆ, ನನ್ನ ಹೆಸರು ಹಾಕಬಹುದೇ ಎಂದು ಕೇಳಿದ್ದಾರೆ. ಬೇಡ ಎಂದೆ. ಸ್ಟ್ಯಾಂಡಿನಲ್ಲಿ ತಿರುಗುತ್ತಾ ನಿಲ್ಲಲು ನಾನು ಅದನ್ನು ಬರೆದಿರಲಿಲ್ಲ.

ನಿನ್ನ ಹೊಸ ಮನೆಯಲ್ಲಿ ಸೆಖೆ ಹೆಚ್ಚು ಎಂದಿದ್ದೆ, ಹಗಲು ಪರದೆ ಎಳೆದಿಡು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನಿಂತುಕೊಂಡೇ ಊಟ ಮಾಡಬೇಡ. ಬೆನ್ನು ನೋವಿಗೆ ಎಣ್ಣೆ ಕಳಿಸಿದ್ದೇನೆ, ಅಪ್ಪ ಬಾಟಲಿಗೆ ಮೂರು ಸುತ್ತು ಟೇಪು ಸುತ್ತಿದ್ದಾರೆ, ಚಾಕು ಬೇಕಾಗುತ್ತದೆ. ನೂರು ಕಾಲ ಚೆನ್ನಾಗಿರು. ನಿನ್ನ ಕೈ ಹಿಡಿದ ಕೆಲಸವೆಲ್ಲ ಕೂಡಿಬರಲಿ, ನಿನ್ನ ಮಾತಿಗೆ ಓಗೊಡುವವರು ಸದಾ ಹತ್ತಿರ ಇರಲಿ.

ನಿನ್ನ
ಅಮ್ಮ

ಮತ್ತೆ ಒಂದು ಮಾತು: ಅತ್ತಿಗೆ ಕಾರಿಡಾರಿನಲ್ಲಿ ಹೇಳಿದ್ದು ಕೇಳಿಸಲಿಲ್ಲ ಎಂದು ಬರೆದೆನಲ್ಲ, ಕೇಳಿಸಿತ್ತು. "ನಾನು ಕದ್ದಿಲ್ಲ ಕಣೆ. ಮನೆ ಖಾಲಿ ಮಾಡುವಾಗ ನಿನ್ನ ಮಗಳು ಅದನ್ನ ರದ್ದಿಗೆ ಹಾಕಿದ್ದಳು. ಚೆನ್ನಾಗಿದೆಯಲ್ಲೇ ಅಂದೆ. ಬೇಕಾದ್ರೆ ಇಟ್ಕೊಳ್ಳಿ ಅತ್ತೆ, ಅಮ್ಮ ಇಂಥವು ದಿನಾ ಮಾಡ್ತಾ ಇರ್ತಾಳೆ ಅಂದಳು" ಎಂದಳು. ನಾನು ನಂಬಲಿಲ್ಲ. ಮರುದಿನ ಅಣ್ಣ ಬಂದು, ಒಳಗೂ ಬರದೆ, ಬಾಗಿಲಲ್ಲೇ ನನ್ನ ಕೈಗೆ ಮೂಲ ಕಾರ್ಡನ್ನು ಕೊಟ್ಟು ಹೋದರು. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಿನ್ನ ದುಂಡು ಅಕ್ಷರ. ಸೋಪು, ಪೊರಕೆ, ಬೀಗ, ಬಲ್ಬು. ತಂದದ್ದಕ್ಕೆಲ್ಲ ಗೀಟು ಹಾಕಿದ್ದೀಯ. ಅತ್ತಿಗೆಯಾದರೂ ಅದಕ್ಕೆ ಆಸೆಪಟ್ಟಳು. ಕಾರ್ಡನ್ನು ಇದರ ಜೊತೆಗೇ ಇಟ್ಟಿದ್ದೇನೆ. ಬಲ್ಬಿಗೆ ಇನ್ನೂ ಗೀಟು ಬಿದ್ದಿಲ್ಲ. ತಂದುಕೋ.